ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಲು ಸಮಗ್ರ ಮಾರ್ಗದರ್ಶಿ

ಲಂಡನ್‌ನಿಂದ ನ್ಯೂಯಾರ್ಕ್‌ಗೆ ವಿಮಾನದಲ್ಲಿ ಎಷ್ಟು ದೂರ ಅಂತ ಹುಡುಕಿ ನೋಡಿ. ಒಂದು ಕಡೆ 5,540 ಕಿ.ಮೀ. ಅಂತ ಇರುತ್ತದೆ. ಇನ್ನೊಂದು ಕಡೆ 5,555ರ ಆಸುಪಾಸು. ವಿಮಾನ ನಿಜವಾಗಿ ಹಾರಿದ ದಾರಿಯನ್ನು ಅಳೆದರೆ ಅದು 5,700 ದಾಟಿರಬಹುದು. ಸಮಯದ್ದೂ ಇದೇ ಕಥೆ. ಹೋಗುವಾಗ ಸುಮಾರು 8 ಗಂಟೆ, ಬರುವಾಗ 7 ಗಂಟೆ. ಟಿಕೆಟ್‌ನಲ್ಲಿ ಅಚ್ಚಾದ ಗಡಿಯಾರದ ಸಮಯವನ್ನಷ್ಟೇ ನೋಡಿದರೆ ಹೋಗಲು 3 ಗಂಟೆ, ಬರಲು 12 ಗಂಟೆ ಬೇಕಾದ ಹಾಗೆ ಕಾಣುತ್ತದೆ.

ಇದರಲ್ಲಿ ಯಾವ ಸಂಖ್ಯೆಯೂ ಸುಳ್ಳಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ವಿಮಾನದ ವಿಷಯಕ್ಕೆ ಬಂದರೆ ಆ ಒಂದು ಸೂತ್ರ ಸಾಲದು. ಯಾವ ದೂರ, ಯಾವ ವೇಗ, ಎಲ್ಲಿಂದ ಎಲ್ಲಿಯವರೆಗಿನ ಸಮಯ ಅನ್ನೋದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಬೇಕಾಗಿರುವುದು ಫೋನಿನಲ್ಲಿರುವ ಸೈಂಟಿಫಿಕ್ ಕ್ಯಾಲ್ಕುಲೇಟರ್, ಒಂದು ಹಾಳೆ, ಪೆನ್ನು. ಗಣಿತ ಅಂದರೆ ಹೆದರುವವರೂ ಮಾಡಬಹುದಾದ ಲೆಕ್ಕ ಇದು.

ಹಂತ 1: ಊರು ಬೇಡ, ನಿಲ್ದಾಣವನ್ನೇ ಹಿಡಿಯಿರಿ

ಎಷ್ಟೋ ತಪ್ಪು ಲೆಕ್ಕಗಳು ಇಲ್ಲೇ ಶುರುವಾಗುತ್ತವೆ. ಲಂಡನ್ ಅಂದರೆ ಯಾವ ಲಂಡನ್? ಹೀಥ್ರೋ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ ಹೀಗೆ ಹಲವು ನಿಲ್ದಾಣಗಳಿವೆ. ಟೋಕಿಯೋಗೆ ಹನೆಡಾ ಮತ್ತು ನರಿಟಾ ಎರಡಿವೆ. ಆಕಾಶದ ಲೆಕ್ಕದಲ್ಲಿ ಈ ವ್ಯತ್ಯಾಸ ದೊಡ್ಡದೇನಲ್ಲ. ಆದರೆ ಇಳಿದ ಮೇಲೆ ಊರಿಗೆ ಹೋಗುವ ಸಮಯದಲ್ಲಿ ಅದು ಒಂದು ಗಂಟೆಯನ್ನೇ ನುಂಗಬಹುದು.

ಅದಕ್ಕೇ ಪ್ರತಿ ನಿಲ್ದಾಣಕ್ಕೂ ಸಂಕೇತ ಇದೆ. ಟಿಕೆಟ್‌ನಲ್ಲಿ, ಬ್ಯಾಗಿನ ಚೀಟಿಯಲ್ಲಿ ಕಾಣುವ ಮೂರಕ್ಷರದ ಸಂಕೇತ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎ ಕೊಟ್ಟದ್ದು. ಹೀಥ್ರೋಗೆ ಎಲ್‌ಎಚ್‌ಆರ್, ನ್ಯೂಯಾರ್ಕ್‌ನ ಕೆನಡಿ ನಿಲ್ದಾಣಕ್ಕೆ ಜೆಎಫ್‌ಕೆ. ಪೈಲಟ್‌ಗಳು, ವಿಮಾನ ಸಂಚಾರ ನಿಯಂತ್ರಕರು ಬಳಸುವುದು ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆಯಾದ ಐಸಿಎಒ ಕೊಟ್ಟ ನಾಲ್ಕಕ್ಷರದ ಸಂಕೇತ. ಇದೇ ಎರಡು ನಿಲ್ದಾಣಗಳಿಗೆ ಅದು ಇಜಿಎಲ್‌ಎಲ್ ಮತ್ತು ಕೆಜೆಎಫ್‌ಕೆ.

ಹೆಸರು ಒಂದೇ ಇದ್ದು ಊರು ಬೇರೆ ಇರುವುದೂ ಉಂಟು. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲೂ ಇದೆ, ಅಮೆರಿಕದ ಅಲಬಾಮಾದಲ್ಲೂ ಇದೆ. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲೂ ಇದೆ, ಕೋಸ್ಟರಿಕಾದಲ್ಲೂ ಇದೆ. ಹಾಗಾಗಿ ಹುಡುಕುವಾಗ ಊರಿನ ಹೆಸರು ಹಾಕುವ ಬದಲು ಸಂಕೇತವನ್ನೇ ಹಾಕಿ.

ಹಂತ 2: ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಪ್ರತಿ ನಿಲ್ದಾಣಕ್ಕೂ ಒಂದು ಉಲ್ಲೇಖ ಬಿಂದು ಇರುತ್ತದೆ. ಹೆಚ್ಚು ಕಡಿಮೆ ರನ್‌ವೇಗಳ ನಡುಮಧ್ಯ ಅಂದುಕೊಳ್ಳಿ. ದೂರ ಅಳೆಯುವುದು ಒಂದು ನಿಲ್ದಾಣದ ಈ ಬಿಂದುವಿನಿಂದ ಇನ್ನೊಂದರ ಬಿಂದುವಿಗೆ. ಇದರ ಅಕ್ಷಾಂಶ ರೇಖಾಂಶ ವಿಕಿಪೀಡಿಯಾದ ನಿಲ್ದಾಣದ ಪುಟದಲ್ಲಿ ಸಿಗುತ್ತದೆ, ಫೋನಿನ ನಕ್ಷೆಯಲ್ಲೂ ಸಿಗುತ್ತದೆ.

ಡಿಗ್ರಿ, ನಿಮಿಷ ಅಂತ ಕೊಟ್ಟಿದ್ದರೆ ನಿಮಿಷವನ್ನು 60ರಿಂದ ಭಾಗಿಸಿ ದಶಮಾಂಶ ಮಾಡಿಕೊಳ್ಳಿ. 40 ಡಿಗ್ರಿ 38 ನಿಮಿಷ ಅಂದರೆ 40.63 ಡಿಗ್ರಿ. ಉತ್ತರಕ್ಕೂ ಪೂರ್ವಕ್ಕೂ ಪ್ಲಸ್, ದಕ್ಷಿಣಕ್ಕೂ ಪಶ್ಚಿಮಕ್ಕೂ ಮೈನಸ್. ಈ ಚಿಹ್ನೆ ತಪ್ಪಿದರೆ ಉತ್ತರ ಸಾವಿರಾರು ಕಿ.ಮೀ. ದಾರಿ ತಪ್ಪುತ್ತದೆ, ಅದಕ್ಕೇ ಎರಡು ಸಲ ನೋಡಿಕೊಳ್ಳಿ. ದಶಮಾಂಶದ ನಂತರ ಎರಡು ಅಂಕಿ ಸಾಕು. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಆಗುವುದರಿಂದ ಎರಡನೇ ಅಂಕಿಯ ಬೆಲೆ ಒಂದು ಕಿ.ಮೀ. ಚಿಲ್ಲರೆ.

ನಮ್ಮ ಉದಾಹರಣೆಗೆ ಬೇಕಾದ ಸಂಖ್ಯೆಗಳು ಇವು. ಹೀಥ್ರೋ: ಅಕ್ಷಾಂಶ 51.47, ರೇಖಾಂಶ −0.45. ಜೆಎಫ್‌ಕೆ: ಅಕ್ಷಾಂಶ 40.64, ರೇಖಾಂಶ −73.78.

ಹಂತ 3: ಭೂಮಿ ಮೇಲಿನ ಅತಿ ಚಿಕ್ಕ ದಾರಿಯನ್ನು ಅಳೆಯಿರಿ

ನಕ್ಷೆ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಆಗಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಗೋಡೆ ಮೇಲೆ ಸಾಮಾನ್ಯವಾಗಿ ಕಾಣುವ ನಕ್ಷೆಗಳು ಧ್ರುವದ ಕಡೆ ಹೋದಂತೆ ನೆಲವನ್ನು ಹಿಗ್ಗಿಸಿ ತೋರಿಸುತ್ತವೆ. ಅಲ್ಲಿ ನೇರ ಕಾಣುವ ಗೆರೆ ಗೋಳದ ಮೇಲೆ ಅತಿ ಚಿಕ್ಕ ದಾರಿ ಆಗಿರುವುದಿಲ್ಲ.

ಇದನ್ನು ಚೆನ್ನಾಗಿ ತೋರಿಸುವ ಜೋಡಿ ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್. ಎರಡೂ ನಿಲ್ದಾಣಗಳು ಸುಮಾರು 40.5 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಇವೆ. ಮ್ಯಾಡ್ರಿಡ್‌ನಿಂದ ಸೀದಾ ಪಶ್ಚಿಮಕ್ಕೆ ಮುಖ ಮಾಡಿ, ಅದೇ ಅಕ್ಷಾಂಶದ ಮೇಲೆ ಹಾರಿದರೆ ಸುಮಾರು 5,930 ಕಿ.ಮೀ. ಆಗುತ್ತದೆ. ಆದರೆ ಮೊದಲು ವಾಯುವ್ಯಕ್ಕೆ ಹೋಗಿ, ನಡುದಾರಿಯಲ್ಲಿ ಸುಮಾರು 46 ಡಿಗ್ರಿ ಉತ್ತರದವರೆಗೆ ಏರಿ, ಆಮೇಲೆ ನೈಋತ್ಯಕ್ಕೆ ಇಳಿದರೆ ಸುಮಾರು 5,760 ಕಿ.ಮೀ. ಸಾಕು. ನಕ್ಷೆಯಲ್ಲಿ ಬಳಸಿ ಹೋದ ಹಾಗೆ ಕಾಣುವ ದಾರಿಯೇ 170 ಕಿ.ಮೀ. ಕಡಿಮೆ! ಒಂದು ಭೂಗೋಳ ಸಿಕ್ಕಿದರೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಸರಿದು ಕೂರುತ್ತದೆ. ಈ ದಾರಿಗೆ ಗ್ರೇಟ್ ಸರ್ಕಲ್ ಅಂತ ಹೆಸರು. ಕನ್ನಡದಲ್ಲಿ ಮಹಾವೃತ್ತ.

ಈಗ ಲೆಕ್ಕ. ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿ ಇದೆಯಾ ನೋಡಿಕೊಳ್ಳಿ. ರೇಡಿಯನ್‌ನಲ್ಲಿದ್ದರೆ ಉತ್ತರ ಪೂರ್ತಿ ತಪ್ಪು ಬರುತ್ತದೆ.

ಮೊದಲು, ಎರಡೂ ಅಕ್ಷಾಂಶಗಳ ಸೈನ್ (ಕ್ಯಾಲ್ಕುಲೇಟರ್‌ನ sin ಗುಂಡಿ) ತೆಗೆದು ಗುಣಿಸಿ. ಹೀಥ್ರೋದು 0.7823, ಜೆಎಫ್‌ಕೆಯದು 0.6513. ಗುಣಿಸಿದರೆ 0.5095.

ಎರಡನೆಯದು, ಎರಡೂ ಅಕ್ಷಾಂಶಗಳ ಕೊಸೈನ್ (cos ಗುಂಡಿ) ತೆಗೆಯಿರಿ. 0.6229 ಮತ್ತು 0.7588. ರೇಖಾಂಶಗಳ ವ್ಯತ್ಯಾಸ 73.33 ಡಿಗ್ರಿ, ಅದರ ಕೊಸೈನ್ ಸುಮಾರು 0.287. ಈ ಮೂರನ್ನೂ ಗುಣಿಸಿದರೆ 0.1357.

ಮೂರನೆಯದು, ಎರಡು ಉತ್ತರಗಳನ್ನೂ ಕೂಡಿ. 0.5095 + 0.1357 = 0.6452.

ನಾಲ್ಕನೆಯದು, ಈ ಮೊತ್ತದ ವಿಲೋಮ ಕೊಸೈನ್ (cos⁻¹ ಗುಂಡಿ) ತೆಗೆಯಿರಿ. ಸುಮಾರು 49.82 ಡಿಗ್ರಿ ಬರುತ್ತದೆ. ಭೂಮಿಯ ಕೇಂದ್ರದಿಂದ ನೋಡಿದರೆ ಎರಡು ನಿಲ್ದಾಣಗಳ ನಡುವಿನ ಕೋನ ಇದೇ.

ಕೊನೆಯದಾಗಿ 111.2ರಿಂದ ಗುಣಿಸಿ. 49.82 × 111.2 = 5,540 ಕಿ.ಮೀ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಅಂತ ಹಿಡಿದರೆ ಒಂದು ಡಿಗ್ರಿಗೆ ಬರುವ ಉದ್ದ ಈ 111.2.

ರೇಖಾಂಶದ ವ್ಯತ್ಯಾಸ 180 ಡಿಗ್ರಿ ದಾಟಿದರೂ ಗಾಬರಿ ಬೇಡ. ಟೋಕಿಯೋ ಸುಮಾರು 140 ಡಿಗ್ರಿ ಪೂರ್ವ, ಲಾಸ್ ಏಂಜಲೀಸ್ 118 ಡಿಗ್ರಿ ಪಶ್ಚಿಮ. ವ್ಯತ್ಯಾಸ 258 ಡಿಗ್ರಿ. ಇನ್ನೊಂದು ದಿಕ್ಕಿನಿಂದ ಅಳೆದರೆ 102 ಡಿಗ್ರಿ. ಎರಡರ ಕೊಸೈನ್ ಕೂಡ ಒಂದೇ, ಹಾಗಾಗಿ ಯಾವುದನ್ನು ಹಾಕಿದರೂ ಉತ್ತರ ಸರಿಯಾಗಿಯೇ ಬರುತ್ತದೆ.

ನನಗೆ ತುಂಬ ಇಷ್ಟವಾದ ಇನ್ನೊಂದು ಜೋಡಿ ಸಿಂಗಪುರ ಮತ್ತು ನ್ಯೂಯಾರ್ಕ್. ಇವುಗಳ ರೇಖಾಂಶದ ವ್ಯತ್ಯಾಸ ಸುಮಾರು 178 ಡಿಗ್ರಿ. ಅಂದರೆ ರೇಖಾಂಶದ ಲೆಕ್ಕದಲ್ಲಿ ಬಹುತೇಕ ಎದುರುಬದುರು. ಆಗ ಅತಿ ಚಿಕ್ಕ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ. ಕ್ಯಾಲ್ಕುಲೇಟರ್ ಇಲ್ಲದೆಯೇ ಲೆಕ್ಕ ಹಾಕಬಹುದು. ಸಿಂಗಪುರದ ಅಕ್ಷಾಂಶ 1.4, ಅಲ್ಲಿಂದ ಧ್ರುವಕ್ಕೆ 88.6 ಡಿಗ್ರಿ. ಧ್ರುವದಿಂದ ಜೆಎಫ್‌ಕೆಗೆ 49.4 ಡಿಗ್ರಿ. ಒಟ್ಟು 138. ಅದನ್ನು 111.2ರಿಂದ ಗುಣಿಸಿದರೆ ಸುಮಾರು 15,350 ಕಿ.ಮೀ. ನಿಲ್ಲದೆ ಹಾರುವ ಪ್ರಯಾಣಿಕ ವಿಮಾನಗಳ ದಾರಿಗಳಲ್ಲಿ ಅತಿ ಉದ್ದದ್ದು ಅಂತ ಹೆಸರು ಮಾಡಿದ ದಾರಿ ಇದು.

ಹಾಗಾದರೆ ಆರಂಭದಲ್ಲಿ ಹೇಳಿದ 5,555 ಎಲ್ಲಿಂದ ಬಂತು? ಭೂಮಿ ಪೂರ್ತಿ ದುಂಡಗಿಲ್ಲ. ಸಮಭಾಜಕದ ಹತ್ತಿರ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆ 6,357 ಕಿ.ಮೀ. ಈ ಚಪ್ಪಟೆತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರಗಳಿವೆ. ವಿನ್ಸೆಂಟಿ ಅನ್ನೋ ಭೂಮಾಪನ ತಜ್ಞ 1975ರಲ್ಲಿ ಪ್ರಕಟಿಸಿದ ಸೂತ್ರ ಅವುಗಳಲ್ಲಿ ಹೆಸರಾದದ್ದು. ಕೆಲವು ತಾಣಗಳು ಗೋಳದ ಸೂತ್ರ ಬಳಸುತ್ತವೆ, ಕೆಲವು ಇಂಥ ಸೂತ್ರ ಬಳಸುತ್ತವೆ. ವ್ಯತ್ಯಾಸ ಶೇಕಡಾ ಅರ್ಧದಷ್ಟೂ ಇರುವುದು ಅಪರೂಪ. ಪ್ರಯಾಣದ ಯೋಜನೆಗೆ ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ಅಳತೆಯ ಮಾನದ ಬಗ್ಗೆ ಮಾತ್ರ ಎಚ್ಚರ ಇರಲಿ. ವಿಮಾನಯಾನದಲ್ಲಿ ಬಳಸುವುದು ನಾಟಿಕಲ್ ಮೈಲಿ, ಒಂದಕ್ಕೆ 1,852 ಮೀಟರ್. ಸಾಮಾನ್ಯ ಮೈಲಿ 1,609 ಮೀಟರ್. ನಮ್ಮ 5,540 ಕಿ.ಮೀ. ಅಂದರೆ 3,442 ಸಾಮಾನ್ಯ ಮೈಲಿ, 2,991 ನಾಟಿಕಲ್ ಮೈಲಿ. ಸುಮ್ನೆ ‘ಮೈಲಿ’ ಅಂತ ಬರೆದಿದ್ದರೆ ಯಾವ ಮೈಲಿ ಅಂತ ಕೇಳಿ.

ಹಂತ 4: ನಿಜವಾಗಿ ಹಾರುವ ದಾರಿಗೆ ಸ್ವಲ್ಪ ಸೇರಿಸಿ

ಇಲ್ಲಿಯವರೆಗೆ ಸಿಕ್ಕಿದ್ದು ಕನಿಷ್ಠ ದೂರ. ಇದಕ್ಕಿಂತ ಕಡಿಮೆ ಆಗಲಾರದು, ಜಾಸ್ತಿ ಮಾತ್ರ ಆಗಬಹುದು. ವಿಮಾನ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಹಾಗಾಗಿ ಎಷ್ಟೋ ಸಲ ತಪ್ಪು ದಿಕ್ಕಿಗೆ ಹೊರಟು ಆಮೇಲೆ ತಿರುಗಿಕೊಳ್ಳುತ್ತದೆ. ಗೊತ್ತುಮಾಡಿದ ದಾರಿಗಳನ್ನು ಹಿಡಿಯಬೇಕು. ಬಿರುಗಾಳಿ ಮೋಡಗಳನ್ನು ಸುತ್ತಿ ಹೋಗಬೇಕು. ಇಳಿಯುವ ನಿಲ್ದಾಣದಲ್ಲಿ ಗಿಜಿಗಿಜಿ ಇದ್ದರೆ ಆಕಾಶದಲ್ಲೇ ಸುತ್ತು ಹೊಡೆಯಬೇಕು.

ಎಷ್ಟು ಸೇರಿಸಬೇಕು? ಐಸಿಎಒ ತನ್ನ ಇಂಗಾಲ ಹೊರಸೂಸುವಿಕೆ ಲೆಕ್ಕಕ್ಕೆ ಒಂದು ಸರಳ ನಿಯಮ ಇಟ್ಟುಕೊಂಡಿದೆ. ಮಹಾವೃತ್ತದ ದೂರ 550 ಕಿ.ಮೀ. ಒಳಗಿದ್ದರೆ 50 ಕಿ.ಮೀ. ಸೇರಿಸುತ್ತದೆ. 550ರಿಂದ 5,500ರವರೆಗೆ 100. ಅದಕ್ಕಿಂತ ಜಾಸ್ತಿ ಇದ್ದರೆ 125. ಮನೆ ಲೆಕ್ಕಕ್ಕೂ ಇದು ಒಳ್ಳೆಯ ಆರಂಭ. ಉದ್ದದ ದಾರಿಗೆ ನಾನಾದರೆ ಶೇಕಡಾ 3 ಸೇರಿಸುವುದನ್ನು ಇಷ್ಟಪಡುತ್ತೇನೆ. 5,540ಕ್ಕೆ ಅದು ಸುಮಾರು 5,700 ಆಗುತ್ತದೆ.

ಆದರೆ ಕೆಲವು ದಾರಿಗಳಿಗೆ ಈ ನಿಯಮ ಯಾವುದೂ ಒಗ್ಗುವುದಿಲ್ಲ. ಹೆಲ್ಸಿಂಕಿಯಿಂದ ಟೋಕಿಯೋಗೆ ಮಹಾವೃತ್ತದ ದೂರ ಸುಮಾರು 7,800 ಕಿ.ಮೀ. 2022ಕ್ಕೆ ಮುಂಚೆ ಸೈಬೀರಿಯಾ ಮೇಲೆ ಹಾರಿ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ತಲುಪುತ್ತಿದ್ದರು. ಆ ವರ್ಷ ರಷ್ಯಾದ ವಾಯುಪ್ರದೇಶ ಐರೋಪ್ಯ ಕಂಪನಿಗಳಿಗೆ ಮುಚ್ಚಿತು. ಆಮೇಲೆ ಫಿನ್ಲೆಂಡಿನ ಫಿನ್‌ಏರ್ ಕಂಪನಿಯ ವಿಮಾನಗಳು ಉತ್ತರ ಧ್ರುವದ ಮೇಲಿಂದ ಅಥವಾ ದಕ್ಷಿಣಕ್ಕೆ ಬಳಸಿ ಹೋಗತೊಡಗಿದವು. ಪ್ರಯಾಣ ಸುಮಾರು 13 ಗಂಟೆಗೆ ಏರಿತು. ನಿಲ್ದಾಣಗಳು ಇದ್ದಲ್ಲೇ ಇವೆ, ಮಹಾವೃತ್ತದ ದೂರ ಒಂದು ಮೀಟರೂ ಬದಲಾಗಿಲ್ಲ.

ಎರಡು ಎಂಜಿನ್‌ನ ವಿಮಾನಗಳಿಗೆ ಇನ್ನೊಂದು ಕಟ್ಟು ಇದೆ. ಒಂದು ಎಂಜಿನ್ ಕೆಟ್ಟರೂ ಗೊತ್ತುಮಾಡಿದ ಸಮಯದೊಳಗೆ ತಲುಪಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಇರಬೇಕು. ಈ ನಿಯಮಕ್ಕೆ ಇಟಾಪ್ಸ್ ಅಂತಾರೆ. ಮಹಾಸಾಗರ ದಾಟುವಾಗ ದಾರಿ ಸ್ವಲ್ಪ ಬಾಗುವುದಕ್ಕೆ ಇದೂ ಒಂದು ಕಾರಣ.

ಹಂತ 5: ಯಾವ ಸಮಯ ಬೇಕು ಅಂತ ಗೊತ್ತುಮಾಡಿಕೊಳ್ಳಿ, ಆಮೇಲೆ ಭಾಗಿಸಿ

ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನದು ಹಾರಾಟದ ಸಮಯ. ಗೇಟ್‌ನಿಂದ ವಿಮಾನ ಕದಲಿದಾಗಿನಿಂದ ಇನ್ನೊಂದು ಗೇಟ್‌ನಲ್ಲಿ ನಿಲ್ಲುವವರೆಗಿನದು ಬ್ಲಾಕ್ ಟೈಮ್. ಟಿಕೆಟ್‌ನಲ್ಲಿ ಇರುವುದು ಈ ಎರಡನೆಯದು. ಪೈಲಟ್ ಮೈಕಿನಲ್ಲಿ ‘ಇವತ್ತು ಹಾರಾಟ 6 ಗಂಟೆ 20 ನಿಮಿಷ’ ಅಂತ ಹೇಳಿದರೆ ಅದು ಸಾಮಾನ್ಯವಾಗಿ ಮೊದಲನೆಯದು. ಎರಡಕ್ಕೂ ಅರ್ಧ ಗಂಟೆಯ ವ್ಯತ್ಯಾಸ ಸುಲಭವಾಗಿ ಬರುತ್ತದೆ.

ವೇಗದ ವಿಷಯ. ಏರ್‌ಬಸ್ ಎ320, ಬೋಯಿಂಗ್ 737 ಥರದ ವಿಮಾನಗಳು ಮೇಲೆ ಏರಿದ ನಂತರ ಶಬ್ದದ ವೇಗದ ಸುಮಾರು 0.78 ಪಟ್ಟು ವೇಗದಲ್ಲಿ ಹೋಗುತ್ತವೆ. ಬೋಯಿಂಗ್ 787, ಏರ್‌ಬಸ್ ಎ350 ಸುಮಾರು 0.85 ಪಟ್ಟು. ಹನ್ನೊಂದು ಕಿ.ಮೀ. ಎತ್ತರದಲ್ಲಿ ಮೈನಸ್ 56 ಡಿಗ್ರಿಯಷ್ಟು ಚಳಿ ಇರುತ್ತದೆ. ಚಳಿ ಗಾಳಿಯಲ್ಲಿ ಶಬ್ದ ನಿಧಾನ, ಅಲ್ಲಿ ಅದರ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ಹಾಗಾಗಿ ಮೊದಲ ಗುಂಪಿಗೆ ಗಂಟೆಗೆ 830 ಕಿ.ಮೀ., ಎರಡನೆಯದಕ್ಕೆ 900 ಕಿ.ಮೀ. ಅಂತ ಹಿಡಿಯಿರಿ. ಎಟಿಆರ್ 72ನಂಥ ಪ್ರೊಪೆಲರ್ ವಿಮಾನವಾದರೆ ಗಂಟೆಗೆ 500 ಕಿ.ಮೀ. ಟಿಕೆಟ್ ತೆಗೆಯುವಾಗ ವಿಮಾನದ ಮಾದರಿ ಬರೆದಿರುತ್ತದೆ, ಅದನ್ನು ನೋಡಿಕೊಳ್ಳಿ. ಒಂದೇ ದಾರಿಯಲ್ಲಿ ಎರಡು ಕಂಪನಿಗಳ ಸಮಯ ಬೇರೆ ಇರುವುದಕ್ಕೆ ಕಾರಣ ಇದೇ ಇರಬಹುದು.

ಈಗ ನೆಲದ ಸಮಯ, ಏರಿಳಿತದ ಸಮಯ ಸೇರಿಸಿ. ಹೊರಡುವಾಗ ರನ್‌ವೇವರೆಗೆ ನಿಧಾನವಾಗಿ ಉರುಳಲು 15 ನಿಮಿಷ, ಇಳಿದ ಮೇಲೆ ಗೇಟ್ ತಲುಪಲು 10 ನಿಮಿಷ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ, ಅದಕ್ಕೆ ಇನ್ನೊಂದು 15 ನಿಮಿಷ. ಒಟ್ಟು 40 ನಿಮಿಷ. ದೊಡ್ಡ, ಗಿಜಿಗುಡುವ ನಿಲ್ದಾಣವಾದರೆ ಅದು 50 ಆಗಲೂಬಹುದು.

ಇಳಿಯುವುದು ಎಷ್ಟು ಬೇಗ ಶುರುವಾಗುತ್ತದೆ ಅನ್ನೋದು ಗೊತ್ತಾದರೆ ಈ ಸಂಖ್ಯೆ ಏಕೆ ಅಂತ ತಿಳಿಯುತ್ತದೆ. ಸಾವಿರ ಅಡಿ ಇಳಿಯಲು 3 ನಾಟಿಕಲ್ ಮೈಲಿ ಬೇಕು ಅನ್ನೋದು ಪೈಲಟ್‌ಗಳ ಕೈಲೆಕ್ಕ. 35,000 ಅಡಿಯಿಂದ ಇಳಿಯಲು 105 ನಾಟಿಕಲ್ ಮೈಲಿ, ಅಂದರೆ ಸುಮಾರು 195 ಕಿ.ಮೀ. ಮುಂಚೆಯೇ ಶುರುಮಾಡಬೇಕು. 400 ಕಿ.ಮೀ. ದಾರಿಯಲ್ಲಿ ವಿಮಾನ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತೇ ಬಂದಿರುತ್ತದೆ. ಅದಕ್ಕೇ 300 ಕಿ.ಮೀ.ಗೂ ಒಂದು ಗಂಟೆ, 500 ಕಿ.ಮೀ.ಗೂ ಒಂದೂ ಕಾಲು ಗಂಟೆ. 1,000 ಕಿ.ಮೀ.ಗೆ ಸುಮಾರು ಎರಡು ಗಂಟೆ, 2,000 ಕಿ.ಮೀ.ಗೆ ಮೂರು ಗಂಟೆ ಚಿಲ್ಲರೆ. ತೀರಾ ಚಿಕ್ಕ ದಾರಿಗೆ ಈ ಲೆಕ್ಕವೇ ಬೇಡ. ಸ್ಕಾಟ್ಲೆಂಡಿನ ಆರ್ಕ್‌ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ. ದೂರ. ಪುಟ್ಟ ವಿಮಾನ ಎರಡೇ ನಿಮಿಷದಲ್ಲಿ ಇಳಿದುಬಿಡುತ್ತದೆ.

ಹಂತ 6: ಗಾಳಿಯನ್ನು ಕೇಳಿ

ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಅತಿ ಮುಖ್ಯವಾದದ್ದು ಇದು. ಸುಮ್ನೆ ದೂರ ಹಾಕಿ ಸಮಯ ಕೊಡುವ ತಾಣಗಳು ಇದನ್ನೇ ಬಿಟ್ಟುಬಿಡುತ್ತವೆ.

ವಿಮಾನದ 900 ಕಿ.ಮೀ. ವೇಗ ಅದರ ಸುತ್ತಲಿನ ಗಾಳಿಗೆ ಹೋಲಿಸಿದ್ದು, ನೆಲಕ್ಕೆ ಹೋಲಿಸಿದ್ದಲ್ಲ. ಹರಿಯುವ ಹೊಳೆಯಲ್ಲಿ ದೋಣಿ ಹೋದ ಹಾಗೆ, ಗಾಳಿಯೇ ಓಡುತ್ತಿದ್ದರೆ ವಿಮಾನವೂ ಅದರ ಜೊತೆ ಸಾಗುತ್ತದೆ. ಭೂಮಿಯ ಎರಡೂ ಗೋಳಾರ್ಧಗಳ ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಪ್ರವಾಹ ಇರುತ್ತದೆ. ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದು ಇನ್ನೂ ಜೋರು. ಗಂಟೆಗೆ 300 ಕಿ.ಮೀ. ದಾಟುವ ದಿನಗಳೂ ಇವೆ.

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವಾಗ ಬೇಗ ತಲುಪಬೇಕಲ್ವಾ ಅಂತ ಕೆಲವರು ಕೇಳುತ್ತಾರೆ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ, ವಿಮಾನವೂ ನೆಲ ಬಿಡುವಾಗ ಆ ವೇಗವನ್ನು ಹೊತ್ತುಕೊಂಡೇ ಏರುತ್ತದೆ. ಹಾಗಾಗಿ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೋಗುವ ಬರುವ ಸಮಯದ ವ್ಯತ್ಯಾಸಕ್ಕೆ ಕಾರಣ ಗಾಳಿ.

ಲೆಕ್ಕ ಹೀಗೆ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ವೇಗದ ಗಾಳಿ ಪೂರ್ವಕ್ಕೆ ಬೀಸುತ್ತಿದೆ ಅಂತ ಹಿಡಿಯಿರಿ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವಾಗ ಎದುರುಗಾಳಿ: 900 − 100 = 800. 5,700 ÷ 800 = 7.1 ಗಂಟೆ. ಅದಕ್ಕೆ 40 ನಿಮಿಷ ಸೇರಿಸಿದರೆ 7 ಗಂಟೆ 48 ನಿಮಿಷ. ಟಿಕೆಟ್‌ನಲ್ಲಿರುವ ಸುಮಾರು 8 ಗಂಟೆಗೆ ಎಷ್ಟು ಹತ್ತಿರ ಬಂತು ನೋಡಿ! ವಾಪಸ್ ಬರುವಾಗ ಹಿಂಗಾಳಿ: 5,700 ÷ 1,000 = 5.7 ಗಂಟೆ. 40 ನಿಮಿಷ ಸೇರಿಸಿದರೆ 6 ಗಂಟೆ 22 ನಿಮಿಷ.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ವಾಪಸ್ ಸಿಗುತ್ತದೆ ಅಂದುಕೊಳ್ಳಬೇಡಿ. ಗಾಳಿಯೇ ಇಲ್ಲದಿದ್ದರೆ ಈ ದಾರಿಯ ಎರಡೂ ಕಡೆ ಸೇರಿ ಆಕಾಶದಲ್ಲಿ 12 ಗಂಟೆ 40 ನಿಮಿಷ. ಮೇಲಿನ ಗಾಳಿಯಲ್ಲಿ 12 ಗಂಟೆ 50 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಕಳೆಯುವುದರಿಂದ ಹೀಗಾಗುತ್ತದೆ.

ಗಾಳಿಯ ಶಕ್ತಿ ಎಷ್ಟು ಅಂತ ತೋರಿಸಿದ ದಿನ 2020ರ ಫೆಬ್ರವರಿಯಲ್ಲಿ ಬಂತು. ಸಿಯಾರಾ ಚಂಡಮಾರುತದ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಹಾರಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಸುತ್ತಲಿನ ಗಾಳಿಯ ಲೆಕ್ಕದಲ್ಲಿ ಮಾತ್ರ ಅದು ಎಂದಿನಂತೆ ಶಬ್ದಕ್ಕಿಂತ ನಿಧಾನವಾಗಿಯೇ ಹೋಗುತ್ತಿತ್ತು.

ಅಟ್ಲಾಂಟಿಕ್ ಮೇಲಿನ ದಾರಿಗಳನ್ನು ಪ್ರತಿದಿನ ಗಾಳಿ ನೋಡಿಯೇ ಹೊಸದಾಗಿ ಎಳೆಯುತ್ತಾರೆ. ಶಾನ್‌ವಿಕ್ ಮತ್ತು ಗ್ಯಾಂಡರ್ ನಿಯಂತ್ರಣ ಕೇಂದ್ರಗಳ ಕೆಲಸ ಅದು. ಹಿಂಗಾಳಿ ಸಿಗುವಂತೆ ಪೂರ್ವಕ್ಕೆ ಒಂದು ಗುಂಪು, ಎದುರುಗಾಳಿ ತಪ್ಪುವಂತೆ ಪಶ್ಚಿಮಕ್ಕೆ ಇನ್ನೊಂದು ಗುಂಪು. ಸಿಂಗಪುರ–ನ್ಯೂಯಾರ್ಕ್ ವಿಮಾನಗಳೂ ಧ್ರುವದ ಚಿಕ್ಕ ದಾರಿ ಬಿಟ್ಟು ಪೆಸಿಫಿಕ್ ಮೇಲಿನ ಉದ್ದದ ದಾರಿಯನ್ನು ಎಷ್ಟೋ ಸಲ ಹಿಡಿಯುತ್ತವೆ. ಹಿಂಗಾಳಿ ಚೆನ್ನಾಗಿದ್ದರೆ ದೂರದ ದಾರಿಯಲ್ಲೇ ಬೇಗ ತಲುಪಬಹುದು.

ಉತ್ತರ ದಕ್ಷಿಣವಾಗಿ ಹೋಗುವ ದಾರಿಗಳಲ್ಲಿ, ಸಮಭಾಜಕದ ಹತ್ತಿರದ ದಾರಿಗಳಲ್ಲಿ ಗಾಳಿಯ ಪ್ರಭಾವ ಕಡಿಮೆ. ಅಲ್ಲಿ ಹೋಗುವ, ಬರುವ ಸಮಯ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಈ ಹಂತವನ್ನು ಅಲ್ಲಿ ಬಿಟ್ಟರೂ ನಡೆಯುತ್ತದೆ.

ಹಂತ 7: ಗಡಿಯಾರವನ್ನು ಬಿಡಿಸಿ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಎರಡನ್ನೂ ಸುಮ್ನೆ ಕಳೆಯಬಾರದು. ಎರಡನ್ನೂ ಯುಟಿಸಿಗೆ, ಅಂದರೆ ಜಗತ್ತಿನ ಎಲ್ಲ ಗಡಿಯಾರಗಳಿಗೂ ಆಧಾರವಾದ ಸಮಯಕ್ಕೆ, ತಂದು ಆಮೇಲೆ ಕಳೆಯಿರಿ. ಯಾವ ದಾರಿಗಾದರೂ ತಪ್ಪದ ವಿಧಾನ ಇದೊಂದೇ.

ಚಳಿಗಾಲದಲ್ಲಿ ಲಂಡನ್ ಗಡಿಯಾರ ಯುಟಿಸಿಯೇ. ನ್ಯೂಯಾರ್ಕ್ ಅದಕ್ಕಿಂತ 5 ಗಂಟೆ ಹಿಂದೆ. ಲಂಡನ್‌ನಿಂದ 11:00ಕ್ಕೆ ಹೊರಟು ನ್ಯೂಯಾರ್ಕ್‌ಗೆ 14:00ಕ್ಕೆ ತಲುಪುವ ವಿಮಾನ ಅಂದರೆ, ತಲುಪುವುದು ಯುಟಿಸಿ 19:00ಕ್ಕೆ. ಪ್ರಯಾಣ 8 ಗಂಟೆ. ವಾಪಸ್ ಬರುವಾಗ 21:30ಕ್ಕೆ ಹೊರಡುತ್ತದೆ, ಅಂದರೆ ಮರುದಿನದ ಯುಟಿಸಿ 2:30. ಲಂಡನ್‌ಗೆ 9:30ಕ್ಕೆ ಬರುತ್ತದೆ. ಪ್ರಯಾಣ 7 ಗಂಟೆ. ತಲುಪುವ ಸಮಯದ ಪಕ್ಕದಲ್ಲಿ +1 ಅಂತ ಇದ್ದರೆ ಮರುದಿನ ಅಂತ ಅರ್ಥ.

ದಿನಾಂಕ ರೇಖೆ ದಾಟುವಾಗ ಯುಟಿಸಿ ಇಲ್ಲದಿದ್ದರೆ ತಲೆ ತಿರುಗುತ್ತದೆ. ಟೋಕಿಯೋದಿಂದ ಸಂಜೆ 17:00ಕ್ಕೆ ಹೊರಟಿರಿ ಅಂದುಕೊಳ್ಳಿ. ಟೋಕಿಯೋ ಯುಟಿಸಿಗಿಂತ 9 ಗಂಟೆ ಮುಂದೆ, ಹಾಗಾಗಿ ಯುಟಿಸಿ 8:00. ಹತ್ತು ಗಂಟೆ ಹಾರಿದರೆ ಯುಟಿಸಿ 18:00. ಚಳಿಗಾಲದ ಲಾಸ್ ಏಂಜಲೀಸ್ 8 ಗಂಟೆ ಹಿಂದೆ. ಅಲ್ಲಿ ಇಳಿದಾಗ ಅದೇ ದಿನ ಬೆಳಗ್ಗೆ 10:00! ಹೊರಟ ಹೊತ್ತಿಗಿಂತ ಮುಂಚೆ ತಲುಪಿದಿರಿ.

ಎಲ್ಲ ದೇಶಗಳ ಗಡಿಯಾರವೂ ಪೂರ್ತಿ ಗಂಟೆಯಲ್ಲಿ ಇರುವುದಿಲ್ಲ. ಭಾರತ ಐದೂವರೆ ಗಂಟೆ ಮುಂದೆ, ನೇಪಾಳ 5 ಗಂಟೆ 45 ನಿಮಿಷ ಮುಂದೆ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮೂರೂವರೆ ಗಂಟೆ ಹಿಂದೆ.

ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಪ್ರಯಾಣಕ್ಕೆ ಇನ್ನೂ ಎಚ್ಚರ ಬೇಕು. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಮುಂದಕ್ಕೆ ಇಡುತ್ತದೆ, ಬ್ರಿಟನ್ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್, ನ್ಯೂಯಾರ್ಕ್ ನಡುವೆ 5 ಗಂಟೆಯ ಬದಲು 4 ಗಂಟೆ ಮಾತ್ರ ವ್ಯತ್ಯಾಸ. ಬ್ರಿಟನ್ ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ಇಡುತ್ತದೆ, ಅಮೆರಿಕ ನವೆಂಬರ್ ಮೊದಲ ಭಾನುವಾರ. ಆ ಒಂದು ವಾರವೂ ಹೀಗೇ. ಮುಂದಿನ ವಿಮಾನ ಹಿಡಿಯುವುದಿದ್ದರೆ ಈ ಒಂದು ಗಂಟೆ ದುಬಾರಿಯಾದೀತು.

ಹಂತ 8: ನಡುವೆ ಇಳಿದು ಹತ್ತುವುದಿದ್ದರೆ

‘ಡೈರೆಕ್ಟ್’ ಅಂದರೆ ನಿಲ್ಲದೆ ಹೋಗುತ್ತದೆ ಅಂತ ಅರ್ಥವಲ್ಲ. ವಿಮಾನದ ನಂಬರ್ ಬದಲಾಗದೆ ನಡುವೆ ಒಂದು ಕಡೆ ಇಳಿದರೂ ಅದನ್ನು ಡೈರೆಕ್ಟ್ ಅನ್ನುತ್ತಾರೆ. ಎಲ್ಲೂ ಇಳಿಯಬಾರದು ಅಂದರೆ ‘ನಾನ್‌ಸ್ಟಾಪ್’ ಅಂತ ಇರಬೇಕು.

ವಿಮಾನ ಬದಲಿಸುವುದಾದರೆ ಪ್ರತಿ ತುಂಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿ. ಪ್ರತಿ ನಿಲ್ದಾಣಕ್ಕೂ ಕನಿಷ್ಠ ಸಂಪರ್ಕ ಸಮಯ ಅಂತ ಒಂದಿದೆ. ಅದಕ್ಕಿಂತ ಕಡಿಮೆ ಅಂತರದ ಎರಡು ವಿಮಾನಗಳನ್ನು ಒಂದೇ ಟಿಕೆಟ್‌ನಲ್ಲಿ ಮಾರುವುದಿಲ್ಲ. ಆದರೆ ಆ ಕನಿಷ್ಠವನ್ನು ನಂಬಿಕೊಂಡು ಹೋಗುವುದು ನನಗೆ ಸರಿ ಅನಿಸುವುದಿಲ್ಲ. ಮೊದಲ ವಿಮಾನ 40 ನಿಮಿಷ ತಡವಾದರೂ ಎರಡನೆಯದು ಸಿಗುವಷ್ಟು ಜಾಗ ಇಟ್ಟುಕೊಳ್ಳಿ. ಎರಡು ಬೇರೆ ಬೇರೆ ಟಿಕೆಟ್ ತೆಗೆದಿದ್ದರಂತೂ ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್ ಇನ್ ಮಾಡಬೇಕು, ವಲಸೆ ತಪಾಸಣೆಯೂ ಇರಬಹುದು. ಆಗ ನಾಲ್ಕು ಗಂಟೆ ಇದ್ದರೂ ಹೆಚ್ಚಲ್ಲ.

ಮನೆ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು ಅಂತ ಬೇಕಾದರೆ ಅಂತರರಾಷ್ಟ್ರೀಯ ವಿಮಾನಕ್ಕೆ ಮೊದಲು 3 ಗಂಟೆ, ದೇಶದೊಳಗಿನದಕ್ಕೆ 2 ಗಂಟೆ ಸೇರಿಸಿ. ಇಳಿದ ಮೇಲೆ ಒಂದು ಗಂಟೆ. ಎರಡೂ ಕಡೆ ರಸ್ತೆಯ ಸಮಯ ಬೇರೆ.

ಹಂತ 9: ನಿಜವಾದ ದಾಖಲೆ ಜೊತೆ ತಾಳೆ ನೋಡಿ

ದೂರಕ್ಕೆ ಗ್ರೇಟ್ ಸರ್ಕಲ್ ಮ್ಯಾಪರ್ ತಾಣದಲ್ಲಿ ಎರಡು ಸಂಕೇತ ಹಾಕಿದರೆ ಸಾಕು, ನಿಮ್ಮ ಉತ್ತರ ಸರಿಯೇ ಅಂತ ತಿಳಿಯುತ್ತದೆ. ಯುರೋಪಿನಲ್ಲಿ ವಿಮಾನ ತಡವಾದರೆ ಸಿಗುವ ಪರಿಹಾರದ ನಿಯಮವೂ, 2004ರ 261ನೇ ಕಾಯಿದೆ, ಮಹಾವೃತ್ತದ ದೂರವನ್ನೇ ನೋಡುತ್ತದೆ. 1,500 ಕಿ.ಮೀ., 3,500 ಕಿ.ಮೀ. ಅನ್ನೋ ಗಡಿಗಳು ಅದರಲ್ಲಿವೆ. ಹಾಗಾಗಿ ಅಂಥ ಅರ್ಜಿಗೆ 3ನೇ ಹಂತದ ಸಂಖ್ಯೆ ಬೇಕು, 4ನೇ ಹಂತದ್ದಲ್ಲ.

ಸಮಯಕ್ಕೆ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿ. ಹಿಂದಿನ ದಿನಗಳಲ್ಲಿ ಅದು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಇಳಿಯಿತು ಅಂತ ಸಾಲಾಗಿ ಬರುತ್ತದೆ. ಒಂದು ದಿನದ್ದನ್ನು ನಂಬಬೇಡಿ. ಒಂದು ವಾರದ್ದನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಚಳಿಗಾಲದ ಪ್ರಯಾಣಕ್ಕೆ ಬೇಸಿಗೆಯ ದಾಖಲೆ ಹೊಂದುವುದಿಲ್ಲ ಅನ್ನೋದು ನೆನಪಿರಲಿ. ಹಾಗೇ, ಈ ದಾಖಲೆ ಚಕ್ರ ನೆಲ ಬಿಟ್ಟ, ಮುಟ್ಟಿದ ಸಮಯವೋ ಗೇಟ್‌ನ ಸಮಯವೋ ಅಂತ ನೋಡಿಕೊಳ್ಳಿ.

ಟಿಕೆಟ್‌ನ ಸಮಯಕ್ಕಿಂತ ವಿಮಾನ ಎಷ್ಟೋ ದಿನ ಬೇಗ ಬಂದಿರುವುದು ಕಾಣಬಹುದು. ಕಂಪನಿಗಳು ಬೇಕೆಂದೇ ಕೆಲವು ನಿಮಿಷ ಜಾಸ್ತಿ ಇಟ್ಟಿರುತ್ತವೆ. ಗೊತ್ತಾದ ಸಮಯಕ್ಕಿಂತ 15 ನಿಮಿಷದೊಳಗೆ ತಡವಾಗಿ ಬಂದರೂ ಅದನ್ನು ಸಮಯಕ್ಕೆ ಸರಿಯಾಗಿ ಬಂದದ್ದು ಅಂತಲೇ ಅಮೆರಿಕದ ಅಂಕಿಅಂಶಗಳಲ್ಲಿ ಎಣಿಸುತ್ತಾರೆ. ನಮ್ಮ ಲೆಕ್ಕದಲ್ಲಿ ನ್ಯೂಯಾರ್ಕ್–ಲಂಡನ್ 6 ಗಂಟೆ 22 ನಿಮಿಷ ಬಂದು, ಟಿಕೆಟ್‌ನಲ್ಲಿ 7 ಗಂಟೆ ಇರುವುದಕ್ಕೂ ಇದು ಒಂದು ಕಾರಣ. ಯಾರನ್ನಾದರೂ ಕರೆತರಲು ನಿಲ್ದಾಣಕ್ಕೆ ಹೋಗುವವರು ದಾಖಲೆಯ ನಡುವಿನ ಸಂಖ್ಯೆ ನೋಡಿಕೊಂಡು ಹೊರಡಿ. ಮುಂದಿನ ವಿಮಾನ ಹಿಡಿಯಬೇಕಾದವರು ಅದೇ ಪಟ್ಟಿಯಲ್ಲಿ ಅತಿ ತಡವಾದ ದಿನವನ್ನು ನೋಡಿಕೊಂಡು ಟಿಕೆಟ್ ತೆಗೆಯಿರಿ.